ಕಣ್ಣೆದುರಿಗಿಟ್ಟ ಮಾತ್ರೆ

ಮಾರ್ಚ್ 4, ಬೆಳಿಗ್ಗೆ 5.10

ಥೈರಾಯ್ಡ್ ಮಾತ್ರೆ ನುಂಗಿಯಾಯಿತು. ಇನ್ನು ಅರ್ಧ ಗಂಟೆ ಕಾಫಿ ಇಲ್ಲ, ಬಿಸ್ಕತ್ತಿಲ್ಲ, ಬರೀ ನೀರು. ಮೂರು ವರ್ಷದಿಂದ ಹೀಗೇ. ಈಗ ಬಸುರಿನ ಆರನೇ ವಾರ ಬೇರೆ, ಕಾಫಿ ವಾಸನೆ ನೆನೆದರೂ ವಾಂತಿ, ಅಷ್ಟರಮಟ್ಟಿಗೆ ಸುಲಭವಾಯಿತು.

ಒಂದು ವಿಷಯ. ಡಬ್ಬಿಯಲ್ಲಿ ಸ್ಟ್ರಿಪ್ ಬೋರಲಾಗಿತ್ತು. ನಾನು ಯಾವಾಗಲೂ ಅಕ್ಷರ ಮೇಲೆ ಬರುವ ಹಾಗೆ ಇಡುವವಳು. ಇವರನ್ನು ಎಬ್ಬಿಸಿ ಕೇಳಿದೆ. ಮಗ್ಗುಲು ಬದಲಿಸುತ್ತಾ, ನಿನಗೆ ಗೋಡೆ ಮೇಲಿನ ಹಲ್ಲಿ ಮೇಲೂ ಅನುಮಾನ ಅಂದರು. ಇರಬಹುದು. ಆದರೆ ಹಲ್ಲಿಯ ಹತ್ತಿರ ನಮ್ಮನೆ ಬೀಗದ ಕೈ ಇಲ್ಲ. ಇವರಕ್ಕನ ಹತ್ತಿರ ಇದೆ.

ಮಾರ್ಚ್ 5, ಸಂಜೆ

ಇವರಕ್ಕ ಮೇಲ್ಮನೆಯಲ್ಲಿ ಇರುವುದು, ಮಗಳು ಗುಬ್ಬಿಯ ಜೊತೆ. ಗುಬ್ಬಿಗೆ ಒಂಬತ್ತು ವರ್ಷ, ಓದು ಎರಡನೇ ತರಗತಿಯದು. ಮಾತು ನಿಧಾನ. ನಗು ಮಾತ್ರ ಜೋರು. ಶಾಲೆಯವರು ಏನೇನೋ ಹೆಸರಿಟ್ಟಿದ್ದಾರೆ. ಅಕ್ಕ ಯಾವುದನ್ನೂ ನಮಗೆ ಹೇಳಿಲ್ಲ.

ಇವತ್ತು ಇಳಿದು ಬಂದು ಬಾಗಿಲಲ್ಲೇ ನಿಂತು ಕೇಳಿದರು, ಮಾತ್ರೆ ತಗೊಂಡೆಯಾ ಅಂತ. ನಿನ್ನೆಯೂ ಕೇಳಿದ್ದರು, ಮೊನ್ನೆಯೂ. ಮೂರು ವರ್ಷದಲ್ಲಿ ಒಂದು ದಿನವೂ ಕೇಳದವರಿಗೆ ನಾನು ಬಸುರಿ ಅಂತ ತಿಳಿದ ಮಾರನೇ ದಿನದಿಂದ ನನ್ನ ಮಾತ್ರೆಯದೇ ಚಿಂತೆ. ತಗೊಂಡೆ ಅಂದೆ. ನನ್ನನ್ನು ನೋಡದೆ ಡಬ್ಬಿಯ ಕಡೆ ನೋಡಿದರು. ಅದು ನನಗೆ ಹಿಡಿಸಲಿಲ್ಲ.

ಮಾರ್ಚ್ 7

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಟಿಎಸ್‌ಎಚ್ ಅಂದರೆ ಹಾರ್ಮೋನು ಕಡಿಮೆಯಾದಷ್ಟೂ ಏರುವ ರಕ್ತದ ಅಂಕಿ, ಈಗ ಪರವಾಗಿಲ್ಲವಂತೆ, ಆದರೂ ಡೋಸ್ ಏರಿಸಿದರು. ಬಸುರಲ್ಲಿ ದೇಹ ಹೆಚ್ಚು ಕೇಳುತ್ತದಂತೆ. ಯಾಕೆ ಅಂದೆ. ನಾನು ಯಾಕೆ ಅನ್ನದೆ ಯಾವುದನ್ನೂ ನುಂಗುವವಳಲ್ಲ.

ಚೀಟಿಯ ಹಿಂದೆ ಹುರುಳಿಕಾಳಿನಷ್ಟು ಮಗು ಬರೆದರು. ಗಂಟಲ ಹತ್ತಿರ ಪೆನ್ನಿಟ್ಟು, "ಥೈರಾಯ್ಡ್ ಇಲ್ಲಿ ಬರಬೇಕು. ಬಂದು ಸರಿಯಾಗಿ ಕೆಲಸ ಶುರು ಮಾಡೋಕೆ ಇನ್ನೂ ತಿಂಗಳುಗಟ್ಟಲೆ ಬೇಕು. ಮೆದುಳು ಮಾತ್ರ ಅಲ್ಲೀವರೆಗೂ ಕಾಯಲ್ಲಮ್ಮ, ಈಗಲೇ ಕಟ್ಟಿಕೊಳ್ತಿದೆ. ಅಲ್ಲೀವರೆಗೂ ನಿಮ್ಮದೇ ಹಾರ್ಮೋನು ಅದಕ್ಕೆ ಹೋಗಬೇಕು" ಅಂದರು. ಮೆದುಳಿನ ಕಣಗಳು ಹುಟ್ಟಿದ ಜಾಗದಿಂದ ಹೊರಟು ತಂತಮ್ಮ ಜಾಗ ಸೇರುವುದಕ್ಕೂ ಅದೇ ಬೇಕಂತೆ.

ಬಸ್ಸಿನಲ್ಲಿ ಬರುವಾಗ ಗಂಟಲು ಮುಟ್ಟಿ ಮುಟ್ಟಿ ನೋಡಿಕೊಂಡೆ. ಮನೆಗೆ ಬಂದರೆ ಸ್ಟ್ರಿಪ್ ಮತ್ತೆ ಬೋರಲು.

ಮಾರ್ಚ್ 9, ರಾತ್ರಿ

ಬೆಳಿಗ್ಗೆ ಡಬ್ಬಿಯ ಮುಚ್ಚಳಕ್ಕೆ ಒಂದೆಳೆ ಬಿಳಿ ದಾರ ಸಿಕ್ಕಿಸಿ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದರೆ ದಾರ ನೆಲದ ಮೇಲಿತ್ತು. ಇವರು ನಾನು ಹೊರಡುವ ಮೊದಲೇ ಬಸ್ ಡಿಪೋಗೆ ಹೋದವರು, ಬಂದದ್ದು ರಾತ್ರಿಗೆ. ಇನ್ಯಾರು?

ಮನಸ್ಸಿನಲ್ಲಿರುವುದನ್ನು ಬರೆದೇ ಬಿಡುತ್ತೇನೆ, ಓದುವವರು ಯಾರೂ ಇಲ್ಲವಲ್ಲ. ಹೊಟ್ಟೆಕಿಚ್ಚು. ತನ್ನ ಮಗಳ ಪಕ್ಕದಲ್ಲಿ ನನ್ನ ಮಗು ಚುರುಕಾಗಿ ಓಡಾಡುವುದು ಆಕೆಗೆ ಬೇಕಿಲ್ಲ. ನನ್ನ ಮಾತ್ರೆಗೇ ಕೈ ಹಾಕಿದ್ದಾರೆ. ಬದಲಾಯಿಸುತ್ತಿದ್ದಾರೋ ಏನೋ.

ಇವರಿಗೆ ಹೇಳಿದೆ. ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಕ್ಕ ಅಂಥವಳಲ್ಲ, ಅಷ್ಟೇ. ತಮ್ಮನಲ್ಲವೇ, ಇನ್ನೇನು ಹೇಳುತ್ತಾರೆ!

ಮಾರ್ಚ್ 10

ದಾರಿ ಸಿಕ್ಕಿತು.

ನನ್ನ ಕೆಲಸ ಬಾಟಲಿ ಫ್ಯಾಕ್ಟರಿಯಲ್ಲಿ, ತಪಾಸಣೆ ಬೆಂಚಿನಲ್ಲಿ. ಹಿಂದೆ ದೊಡ್ಡ ಲೈಟ್ ಬಾಕ್ಸ್, ಅದರ ಮುಂದೆ ಬಾಟಲಿಗಳ ಸಾಲು. ಬಿರುಕು, ಗುಳ್ಳೆ, ಓರೆ ಬಾಯಿ ಕಂಡರೆ ಎತ್ತಿ ಬುಟ್ಟಿಗೆ. ಹನ್ನೊಂದು ವರ್ಷದಲ್ಲಿ ನನ್ನ ಬೆಂಚಿನಿಂದ ದಾಟಿ ಹೋದ ಮಾಲು ಒಂದೂ ವಾಪಸ್ ಬಂದಿಲ್ಲ. ನನ್ನ ಕಣ್ಣು ತಪ್ಪಿಸಿ ಮಾತ್ರೆ ಬದಲಾಯಿಸುತ್ತಾರಂತೆ!

ಹೊಸ ಡೋಸಿನ ಸ್ಟ್ರಿಪ್ ತಂದವಳೇ ಎಲ್ಲಾ ಮಾತ್ರೆಯನ್ನೂ ಬಿಡಿಸಿದೆ. ಒಂದೊಂದನ್ನೇ ಎರಡೂ ಕಡೆ ತಿರುಗಿಸಿ ನೋಡಿ, ಕಲೆಯಿಲ್ಲದ ಬಿಳಿ ಗಾಜಿನ ಬಾಟಲಿಗೆ ಹಾಕಿದೆ. ಲೈಟ್ ಬಾಕ್ಸಿನ ಮೇಲೇ ಇಟ್ಟಿದ್ದೇನೆ. ಹಗಲೆಲ್ಲಾ ಕಣ್ಣೆದುರಿಗೇ. ಶಿಫ್ಟ್ ಆರಕ್ಕೆ, ಹೋದ ತಕ್ಷಣ ನುಂಗುವುದು, ಏಳರ ಚಹಾದವರೆಗೂ ಹೇಗೂ ಏನೂ ಇಲ್ಲ. ಭಾನುವಾರದ್ದು ಶನಿವಾರವೇ ಪರ್ಸಿನಲ್ಲಿ. ರಾತ್ರಿ ಪಾಳಿಯಲ್ಲಿ ಕೂರುವಾಕೆಗೆ ಅಕ್ಕನ ಪರಿಚಯವಿಲ್ಲ. ವಿಚಾರಿಸಿಕೊಂಡೇ ಇಟ್ಟಿದ್ದು.

ಮಾರ್ಚ್ 19

ಅಕ್ಕ ಇವತ್ತು ಎರಡು ಸಲ ಕೇಳಿದರು. ಡಬ್ಬಿ ಖಾಲಿ ಇದೆಯಲ್ಲ, ಮಾತ್ರೆ ಎಲ್ಲಿ ಅಂತ. ಸಿಕ್ಕಿಬಿದ್ದರು! ಡಬ್ಬಿ ತೆಗೆಯದವರಿಗೆ ಅದು ಖಾಲಿ ಅಂತ ಹೇಗೆ ಗೊತ್ತು? ಭದ್ರವಾಗಿದೆ ಅಕ್ಕ ಅಂದು ನಕ್ಕೆ. ಮುಖ ಸಪ್ಪಗಾಯಿತು. ಖುಷಿಯಾಯಿತು ನನಗೆ, ಸುಳ್ಳು ಯಾಕೆ ಬರೆಯಲಿ.

ಏಪ್ರಿಲ್ 7

ಟಿಎಸ್‌ಎಚ್ 9.8.

ಎರಡೂವರೆಯ ಒಳಗಿರಬೇಕಾದದ್ದು. ಡೋಸ್ ಏರಿಸಿದ ಮೇಲೂ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ತಪ್ಪದೆ ತಗೋತಿದೀರಾ ಅಂದರು. ನನ್ನನ್ನು! ಕಬ್ಬಿಣದ ಮಾತ್ರೆ ಜೊತೆಗಾ, ಹಾಲಿನ ಜೊತೆಗಾ, ಎಲ್ಲಾ ಕೇಳಿದರು. ಅದು ಮಧ್ಯಾಹ್ನಕ್ಕೆ, ಇದು ಬೆಳಿಗ್ಗೆ ನೀರಲ್ಲಿ, ಒಂದು ದಿನವೂ ಬಿಟ್ಟಿಲ್ಲ ಅಂದೆ. ಎಲ್ಲಿ ಇಡ್ತೀರಿ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡೋಸ್ ಇನ್ನೂ ಏರಿಸಿದರು.

ಹನ್ನೊಂದನೇ ವಾರ ಮುಗಿಯುತ್ತಿದೆ. ಮೆದುಳಿನ ಕಣಗಳು ಹೊರಟಿರುತ್ತವೆ. ಜಾಗ ಸೇರುತ್ತಿವೆಯೋ ಇಲ್ಲವೋ. ಭಯವಾಗುತ್ತಿದೆ.

ನನ್ನ ಲೆಕ್ಕ ಹೀಗಿದೆ: ಮೊದಲ ದಿನಗಳಲ್ಲೇ ಆಕೆ ಕೈಚಳಕ ತೋರಿಸಿದ್ದಾಳೆ, ಅದರ ಫಲ ಈಗ ಕಾಣುತ್ತಿದೆ. ಅಥವಾ ಮೆಡಿಕಲ್ ಶಾಪಿನವನೂ ಕಳ್ಳ. ಹೊಸ ಮಾತ್ರೆಯನ್ನು ಎರಡು ಸ್ಟಾಪು ಆಚೆಯ ಅಂಗಡಿಯಲ್ಲಿ ತಂದೆ. ಬಿಡಿಸಿ ಅದೇ ಬಾಟಲಿಗೆ.

ಏಪ್ರಿಲ್ 16

ಮಾತ್ರೆಗಳು ಅಂಚಿನಲ್ಲಿ ಹಳದಿ ತಿರುಗಿವೆ. ತಂದಾಗ ಬೆಳ್ಳಗಿದ್ದವು, ಒಂದೊಂದನ್ನೂ ನಾನೇ ನೋಡಿದ್ದೇನೆ. ನಕಲಿ ಮಾಲು! ಈ ಅಂಗಡಿಯವನೂ ಹಾಗೇ. ಲೋಕದಲ್ಲಿ ಯಾರನ್ನು ನಂಬುವುದು? ಆದರೂ ಬಿಡುವ ಹಾಗಿಲ್ಲ, ಇದನ್ನೇ ನುಂಗುತ್ತಿದ್ದೇನೆ.

ಏಪ್ರಿಲ್ 22, ಸಂಜೆ

ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. 14.1. ನಾಡಿದ್ದು ಬನ್ನಿ, ನುಂಗುತ್ತಿರುವ ಮಾತ್ರೆಯನ್ನೇ ತನ್ನಿ ಅಂದಿದ್ದಾರೆ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮೇಲೆ ಹತ್ತಿದೆ. ಅಕ್ಕ ಗುಬ್ಬಿಗೆ ತಲೆ ಬಾಚುತ್ತಿದ್ದರು.

"ನನ್ನ ಡಬ್ಬಿ ಮುಟ್ತಿದ್ದೋರು ನೀವೇ ತಾನೆ?"

"ಹೌದು" ಅಂದರು. ಅಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. "ದಿನಾ ಎಣಿಸ್ತಿದ್ದೆ. ಒಂದು ದಿನವೂ ನೀನು ಮರೀಬಾರದು ಅಂತ."

ಎಣಿಸೋಕೆ ನೀವು ಯಾರು ಅಂದೆ. ಬಾಚಣಿಗೆ ನಿಂತಿತು.

"ನನಗೂ ಇದೇ ಥೈರಾಯ್ಡ್ ತೊಂದರೆ ಇತ್ತು. ಇವಳು ಹುಟ್ಟಿ ಮೂರು ವರ್ಷ ಆದಮೇಲೆ ಗೊತ್ತಾಯ್ತು. ಅದೇ ಕಾರಣ ಅಂತ ಯಾರೂ ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ."

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆಗಲಿಲ್ಲ. "ಅದಕ್ಕೇ ನನ್ನದೂ ಹೀಗೇ ಆಗಲಿ ಅಂತಾನಾ?" ಅಂದೆ. ಗುಬ್ಬಿ ಅಲ್ಲೇ ಕೂತಿದ್ದಳು.

ಅಕ್ಕ ಎದ್ದು ನಮ್ಮನೆ ಬೀಗದ ಕೈಯನ್ನು ಮೊಳೆಯಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮತ್ತೆ ಕೂತು ಬಾಚತೊಡಗಿದರು. ನಾನು ಗೆದ್ದವಳ ಹಾಗೆ ಇಳಿದು ಬಂದೆ.

ಏಪ್ರಿಲ್ 24

ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ನಕಲಿ ಅಂತ ಸಾಬೀತು ಮಾಡಲು ಹಳದಿ ಅಂಚು ತೋರಿಸಿದೆ.

ಡಾಕ್ಟರಮ್ಮ ಮಾತ್ರೆ ನೋಡಲಿಲ್ಲ. ಬಾಟಲಿ ನೋಡಿದರು. ಸ್ಟ್ರಿಪ್ ಎಲ್ಲಿ ಅಂದರು. ಬಿಡಿಸಿದೆ ಅಂದೆ. ಎಲ್ಲಿ ಇಡ್ತೀರಿ? ಲೈಟ್ ಬಾಕ್ಸಿನ ಮೇಲೆ. ಅದು ಬಿಸಿ ಆಗುತ್ತಾ? ಕೈ ಇಟ್ಟರೆ ಸುಡುತ್ತೆ, ಹಿಂದೆಯೇ ಕುಲುಮೆ.

ನನ್ನ ಬಾಯಿಂದಲೇ ಎಲ್ಲಾ ಬಂತು. ಆಮೇಲೆ ಅರ್ಥವಾಯಿತು.

ಬೆಳಕು, ಬಿಸಿ, ಗಾಳಿಯ ತೇವ, ಈ ಮಾತ್ರೆಗೆ ಮೂರೂ ಆಗದಂತೆ. ಸ್ಟ್ರಿಪ್ಪಿನಲ್ಲಿ ಮುಚ್ಚಿಡುವುದೇ ಅದಕ್ಕೆ. ಇಷ್ಟೂ ಏರಿದ್ದು ಇದೊಂದರಿಂದಲೇ ಅಂತ ಹೇಳಲಾರೆ, ಬಸುರಲ್ಲಿ ಬೇಡಿಕೆಯೂ ಹೆಚ್ಚಿರುತ್ತೆ ಅಂದರು. ನನ್ನ ಮುಖ ನೋಡಿ ಸೇರಿಸಿದ್ದು ಅಂತ ಗೊತ್ತಾಯಿತು. ಮಗುವಿಗೆ ಏನಾಗಿದೆ ಅಂದೆ. ಸ್ಕ್ಯಾನಿನಲ್ಲಿ ಬೆಳವಣಿಗೆ ಸರಿಯಾಗಿದೆ, ಆದರೆ ಇಂಥದ್ದು ಸ್ಕ್ಯಾನಿನಲ್ಲಿ ಕಾಣಲ್ಲ ಅಂದರು. ಏನೂ ಆಗದೇ ಇರಬಹುದಂತೆ.

ಆರೂವರೆ ವಾರ. ಯಾರೂ ಬದಲಾಯಿಸಲಿಲ್ಲ. ಯಾರೂ ಮುಟ್ಟಲಿಲ್ಲ. ನಾನೇ ಬೇಯಿಸಿ ಇಟ್ಟು, ದಿನಾ ಬೆಳಿಗ್ಗೆ ನೆಮ್ಮದಿಯಾಗಿ ನುಂಗಿದೆ.

ಮೇ 9

ಬರೆಯಲು ಏನೂ ಇಲ್ಲ. ಮಾತ್ರೆ ಅಲಮಾರಿನಲ್ಲಿ, ಸ್ಟ್ರಿಪ್ಪಿನಲ್ಲೇ. ಇವರಿಗೆ ಹೇಳಿದೆ. ಅಕ್ಕನಿಗೆ ನೀನೇ ಹೇಳು ಅಂದರು.

ಆಗುತ್ತಿಲ್ಲ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಅಡುಗೆಮನೆಗೆ ಹೋಗುತ್ತೇನೆ.

ಮೇ 20, ಮಧ್ಯಾಹ್ನ

2.3. ಸರಿಹೋಯಿತು. ಈಗಿನಿಂದ ಸರಿ. ಹಿಂದಿನದು ಹಿಂದೆಯೇ.

ಮೇಲೆ ಹೋದೆ. ಅಕ್ಕ ಒಳಗೆ ಬಾ ಅನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ನಿಂತೇ ಹೇಳಿದೆ. ಬಾಟಲಿ, ಲೈಟ್ ಬಾಕ್ಸ್, ಎಲ್ಲಾ. ತಪ್ಪಾಯಿತು ಅನ್ನುವಷ್ಟರಲ್ಲಿ ಅಳು ಬಂತು.

ಅವರು ಕೇಳಿದ್ದು ಒಂದೇ. "ಯಾವ ಯಾವ ವಾರ?"

ಏಳರಿಂದ ಹದಿಮೂರು.

ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂರಿಸಿದರು, ತಾವು ನೆಲದ ಮೇಲೆ ಕೂತರು. "ಏನೂ ಆಗಲ್ಲ ಅಂತ ನಾನು ಹೇಳಲ್ಲ. ನನಗೆ ಗೊತ್ತಿಲ್ಲ. ಆದರೆ ಒಂದು ಮಾತು ಕೇಳು. ಹುಟ್ಟಿದ ಮೇಲೆ ಅದನ್ನ ನಿನ್ನ ಬಾಟಲಿ ನೋಡೋ ಹಾಗೆ ನೋಡಬೇಡ. ನಾನು ಹಾಗೇ ನೋಡಿದೆ. ಇವಳು ಯಾವ ತಿಂಗಳು ಕತ್ತು ನಿಲ್ಲಿಸಲಿಲ್ಲ, ಯಾವ ತಿಂಗಳು ಮಾತಾಡಲಿಲ್ಲ, ಎಲ್ಲಾ ಬರೆದಿಟ್ಟಿದ್ದೀನಿ. ಮೊದಲ ಸಲ ಯಾವಾಗ ನಕ್ಕಳು ಅಂತ ಕೇಳು, ನನಗೆ ಗೊತ್ತಿಲ್ಲ."

ಒಳಗೆ ಗುಬ್ಬಿ ಏನಕ್ಕೋ ನಗುತ್ತಿದ್ದಳು. ಅಕ್ಕ ಆ ಕಡೆ ತಿರುಗಿ ಕೂತರು. ನನ್ನನ್ನು ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಜೂನ್ 11, ಸಂಜೆ 5.40

ಇಪ್ಪತ್ತನೇ ವಾರ. ಬೆಂಚಿನಿಂದ ಎದ್ದಾಗ ಹೊಟ್ಟೆಯ ಎಡಗಡೆ ಏನೋ ತಟ್ಟಿತು. ಗ್ಯಾಸ್ ಅಂದುಕೊಂಡೆ. ಬಸ್ಸಿನಲ್ಲಿ ಮತ್ತೆ. ಈಗ ಮತ್ತೆ.

ಇವರಿಗೆ ಇನ್ನೂ ಹೇಳಿಲ್ಲ. ಮೊದಲು ಬರೆದುಕೊಳ್ಳೋಣ ಅಂತ ಕೂತೆ. ಎಷ್ಟು ಸಲ, ಎಷ್ಟೆಷ್ಟು ಹೊತ್ತಿಗೆ, ಜೋರಾಗಿಯೋ ಮೆಲ್ಲಗೋ, ಇಪ್ಪತ್ತನೇ ವಾರಕ್ಕೆ ಇಷ್ಟು ಸಾಕೋ ಸಾಲದೋ. ಪುಟಕ್ಕೆ ಗೀಟು ಕೂಡ ಎಳೆದಾಗಿದೆ. 2.15ಕ್ಕೆ ಒಂದು. 4.50ಕ್ಕೆ ಒಂದು, ಸ್ವಲ್ಪ ಮೆಲ್ಲಗೆ. ಯಾಕೆ ಮೆಲ್ಲಗೆ? 5.35ಕ್ಕೆ... ಅಕ್ಕನೂ ಹೀಗೇ ಬರೆದಿಟ್ಟಿದ್ದರಲ್ಲ.