ನಳಿಗೆಯೊಳಗಿನ ಸೇವಂತಿಗೆ

ಮೆಡೋವೇಲ್, ಮಿಸಿಸಾಗ
ಶುಕ್ರವಾರ, ಅಕ್ಟೋಬರ್ ೩, ೨೦೨೫

ಪ್ರೀತಿಯ ಅಕ್ಕಾ, ಅಲ್ಲಲ್ಲ, ಮಹಾರಾಜಶ್ರೀ ಸೇನಾನಿ ಕೃತಿಯವರ ಬೂಟುಸಹಿತ ಪಾದಗಳಿಗೆ ತಮ್ಮ ಅಕ್ಷತನ ಸಾಷ್ಟಾಂಗ,

ಹೇಗಿದ್ದಿ? ಹಿಮ್ಮಡಿಯ ಗುಳ್ಳೆ ಒಣಗಿತಾ? ಮಿಲಿಟರಿ ಮೆಸ್ಸಿನಲ್ಲಿ ನಿನಗೆ ಸಾರು ಸಿಗುವುದಿಲ್ಲವೆಂದು ಅಮ್ಮ ಇಲ್ಲಿ ಸಾರು ಬಡಿಸುವಾಗಲೆಲ್ಲ ಮೂಗು ಒರೆಸಿಕೊಳ್ಳುತ್ತಾರೆ. ಸಾರಿಗೆ ಉಪ್ಪು ಜಾಸ್ತಿ ಎಂದು ನಾನು ದೂರು ಕೊಟ್ಟಿದ್ದೇನೆ. ಆ ಟ್ರೈನಿಂಗಿನವರು ಭಾನುವಾರ ಬಿಟ್ಟರೆ ಫೋನು ಕೊಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಿನ್ನ ಸಾರ್ಜೆಂಟ್ ಓದಬಾರದೆಂದು ಕನ್ನಡದಲ್ಲಿ. ಅಮ್ಮನ ಶನಿವಾರದ ಕನ್ನಡ ಕ್ಲಾಸು ಕೊನೆಗೂ ಉಪಯೋಗಕ್ಕೆ ಬಂತು.

ಅಪ್ಪನ ರೈಫಲ್‌ಗೆ ಹೊಸ ಹ್ಯಾಂಡ್‌ಗಾರ್ಡು ಬಂದಿದೆ. ನಳಿಗೆಯ ಸುತ್ತ ಕವಚದಂತೆ ಇರುತ್ತದೆ, ಆದರೆ ನಳಿಗೆಗೆ ಎಲ್ಲೂ ತಾಗುವುದಿಲ್ಲ. ತಾಗಿದರೆ ಗುರಿ ತಪ್ಪುತ್ತದಂತೆ. ಅಪ್ಪನ ಬೆರಳಿಗೆ ಈಗ ಸಣ್ಣ ಸ್ಕ್ರೂ ನಿಲ್ಲುವುದಿಲ್ಲವಾದ್ದರಿಂದ ಆ ಕವಚದ ಮೇಲೆ ಗುರಿ ನೋಡುವ ಮುಂದಿನ ಸೈಟು, ಕೆಳಗೆ ಎರಡು ಕಾಲಿನ ಸ್ಟ್ಯಾಂಡು ಕೂರಿಸಿದ್ದು ನಾನೇ. ಅಪ್ಪ ಸ್ಟೂಲಿನ ಮೇಲೆ ಕೂತು ಮೇಸ್ತ್ರಿಗಿರಿ ಮಾಡಿದರು. ಪ್ರತಿ ಸ್ಕ್ರೂ ಬಿಗಿಸಿದ ಮೇಲೂ ನಳಿಗೆಗೂ ಕವಚಕ್ಕೂ ನಡುವೆ ಒಂದು ಕಾಗದದ ಪಟ್ಟಿ ಎಳೆಯಬೇಕು, ಅದು ಸಲೀಸಾಗಿ ಹೋಗಬೇಕು. ಒಂದು ಕಡೆ ಸಿಕ್ಕಿಕೊಂಡಿತು. "ಬಿಚ್ಚು ಮಾರಾಯ, ಉದ್ದ ಸ್ಕ್ರೂ ಹಾಕಿದ್ದಿ" ಅಂದರು. ಬಿಚ್ಚಿದೆ, ಗಿಡ್ಡದ್ದು ಹಾಕಿದೆ, ಕಾಗದ ಹೋಯಿತು. ಅಷ್ಟು ಎಚ್ಚರದ ಮನುಷ್ಯ, ಅಕ್ಕಾ.

ಬುಧವಾರ ಆಯುಧಪೂಜೆ. ಗರಾಜಿನಲ್ಲಿ ಎಂದಿನಂತೆ ಕಾರು, ಮಿಕ್ಸಿ, ಹಿಮ ತಳ್ಳುವ ಮೆಷಿನ್ನು, ನನ್ನ ಲ್ಯಾಪ್‌ಟಾಪು, ಗುಂಡು ಹಾರದಂತೆ ಹಿಂದಿನ ಬೋಲ್ಟ್ ತೆಗೆದಿಟ್ಟ ರೈಫಲ್ಲು. ಹ್ಯಾಂಡ್‌ಗಾರ್ಡಿನ ಉದ್ದಕ್ಕೂ ಇರುವ ಸೀಳುಗಳನ್ನು ನೋಡಿ ಅಮ್ಮನಿಗೆ ಬಹಳ ಸಂತೋಷವಾಯಿತು. "ಹೂ ಸಿಕ್ಕಿಸ್ಲಿಕ್ಕೆ ಎಷ್ಟು ಚಂದ ಜಾಗ ಮಾಡಿದ್ದಾರೆ ನೋಡು" ಅಂತ ಒಂದೊಂದರಲ್ಲೂ ಸೇವಂತಿಗೆ ಇಟ್ಟರು. ಎಲ್ಲರೂ ಒಳಗೆ ಊಟಕ್ಕೆ ಹೋದ ಮೇಲೆ ನಿನ್ನ ತಮ್ಮನೆಂಬ ಈ ಮಹಾಪುರುಷ ಫೋಟೋ ಚಂದ ಬರಲೆಂದು ಒಂದು ಸೇವಂತಿಗೆಯನ್ನು ನಳಿಗೆಯ ಬಾಯಿಗೇ ಇಟ್ಟ. ಪೆನ್ಸಿಲ್ಲೂ ಹೋಗದ ತೂತು, ದಂಟು ಮಾತ್ರ ಹಿತವಾಗಿ ಕೂತಿತು. ಮರುದಿನ ಹೂ ತೆಗೆಯುವಾಗ ತಲೆ ಕೈಗೆ ಬಂತು, ದಂಟು ಒಳಗೇ ಉಳಿಯಿತು. ಅಮ್ಮನ ಟ್ವೀಜರಿನಿಂದ ಕೆದಕಿದೆ, ಇನ್ನೂ ಒಳಗೆ ಹೋಯಿತು. ಅಷ್ಟರಲ್ಲಿ ಅಪ್ಪ ಬಂದು ರೈಫಲ್ಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೀ ಅವರ ಕಿಸೆಯಲ್ಲಿ.

ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿರುವಾಗ ಗುಂಡು ಹಾರಿಸಿದರೆ ನಳಿಗೆ ಒಡೆಯಬಹುದು. ಅದನ್ನು ನಮಗೆ ಕಲಿಸಿದ್ದೇ ಅಪ್ಪ. ಒಡೆದರೆ ಅವರ ಕೆನ್ನೆಯ ಪಕ್ಕದಲ್ಲೇ, ಅಕ್ಕಾ.

ಹೇಳಿದೆ. ಆದರೆ ಹೇಗೆ ಹೇಳಿದೆ ಕೇಳು. ಹೆದರಿಕೆಯಾದಾಗ ನನ್ನ ಬಾಯಿಗೆ ನಾಟಕವೇ ಬರುವುದು. "ಪರಮಪೂಜ್ಯ ಪಿತೃದೇವಾ, ತಮ್ಮ ನಳಿಗೆಯಲ್ಲಿ ಸೇವಂತಿಗೆ ಸಮಾಧಿಸ್ಥವಾಗಿದೆ" ಅಂದೆ. ಅಪ್ಪ ಹೊಟ್ಟೆ ಹಿಡಿದು ನಕ್ಕರು. "ಮೊನ್ನೆ ರಕೂನು ಕಾರಿನ ಕೀ ಕದ್ದಿತು ಅಂದಿದ್ದಿ, ಇವತ್ತು ಸೇವಂತಿಗೆಯಾ? ಹೋಗೋ!" ಮತ್ತೆ ಹೇಳಿದೆ, ಮತ್ತೂ ನಕ್ಕರು. ನಾಳೆ ಹೊಸ ಸೈಟು ತೋರಿಸಲಿಕ್ಕೆ ಜಯದೇವ ಅಂಕಲ್‌ರನ್ನು ಕರೆದುಕೊಂಡು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಾರೆ. ಯಾವಾಗಲೂ ನಳಿಗೆಯೊಳಗೆ ನೋಡಿಯೇ ಗುಂಡು ತುಂಬುತ್ತಾರೆ, ಗೊತ್ತು. ಆದರೆ ಅಂಕಲ್ ಮಾತಿಗೆ ಕೂತರೆ ಅಪ್ಪ ಒಲೆಯ ಮೇಲಿನ ಹಾಲನ್ನೂ ಮರೆಯುತ್ತಾರೆ. ನಾನೂ ಹೋಗುತ್ತೇನೆ. ಅಲ್ಲಿ ನನ್ನ ಬಾಯಿಂದ ಮತ್ತೆ ಪಿತೃದೇವ ಬಂದರೆ ಏನು ಗತಿ?

ಆರೋಗ್ಯ ನೋಡಿಕೋ. ಅಮ್ಮನ ಆಶೀರ್ವಾದ ಜೊತೆಗಿದೆ. ಚಕ್ಕುಲಿ ಕಳಿಸಲಿಕ್ಕೆ ನಿಮ್ಮವರು ಬಿಡುವುದಿಲ್ಲವಂತೆ, ನಿನ್ನ ಪಾಲು ನಾನೇ ತಿಂದೆ.

ನಿನ್ನ ತಮ್ಮ,
ಅಕ್ಷತ್

ತಾ.ಕ., ಶನಿವಾರ ಸಂಜೆ: ಅಪ್ಪನಿಗೆ ಏನೂ ಆಗಲಿಲ್ಲ. ಅಂಕಲ್ ಮಾತಾಡುತ್ತಲೇ ಇದ್ದರು, ಅಪ್ಪ ಗುಂಡಿನ ಡಬ್ಬಿಗೆ ಕೈ ಹಾಕಿದರು. ನಾನು ಡಬ್ಬಿಯ ಮೇಲೆ ಕೈಯಿಟ್ಟೆ. ಈ ಸಲ ಬಾಯಿಗೆ ಪಿತೃದೇವ ಬರಲಿಲ್ಲ. ಅಪ್ಪ ನನ್ನ ಮುಖ ನೋಡಿದರು, ಬೋಲ್ಟ್ ತೆಗೆದು ನಳಿಗೆಯೊಳಗೆ ನೋಡಿದರು. ಬೆಳಕು ಕಾಣಲಿಲ್ಲ. ನಳಿಗೆ ಒರೆಸುವ ಸಲಾಕೆ ತೂರಿಸಿ ತಳ್ಳಿದಾಗ ದಂಟು ಹೊರಗೆ ಬಿತ್ತು. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎಲ್ಲವನ್ನೂ ಪ್ಯಾಕ್ ಮಾಡಿದರು. ಬೈಯಲಿಲ್ಲ. ಕಾರಿನಲ್ಲಿ ಮನೆ ಹತ್ತಿರ ಬರುವಾಗ ಒಂದೇ ಮಾತು: "ಅಲ್ಲಿ ಕೃತಿಯ ಕೈಗೆ ರೈಫಲ್ಲು ಕೊಡುವ ಮುಂಚೆ ಯಾರಾದ್ರೂ ಒಳಗೆ ನೋಡ್ತಾರಾ?" ಈ ಕಾಗದ ಸಿಕ್ಕಿದ ಮೇಲೆ ಬರುವ ಭಾನುವಾರ ಮೊದಲು ಅಪ್ಪನಿಗೆ ಫೋನು ಮಾಡು. ನೀನೇ ನೋಡ್ತೀ ಅಂತ ಹೇಳು. ಮೊದಲು ನೋಡಿ, ಆಮೇಲೆ ಹೇಳು.