ಶುಕ್ರವಾರದ ಕೂಟದಲ್ಲಿ ಹೇಳಿದ ಮಾತು

ಹಲಸೂರು, ಬೆಂಗಳೂರು-8
17 ಆಗಸ್ಟ್ 1971, ಮಂಗಳವಾರ

ಪ್ರೀತಿಯ ಶೀಲಾ,

ಪ್ರತಿಸಲ 'ಕರ್ತನಲ್ಲಿ ಪ್ರಿಯಳಾದ' ಎಂದು ಶುರುಮಾಡುತ್ತಿದ್ದವನು ಈ ಸಲ ಬರೀ ಪ್ರೀತಿಯ ಎಂದು ಬರೆದಿದ್ದೇನೆ. ಕರ್ತನನ್ನು ನಡುವೆ ನಿಲ್ಲಿಸಿಕೊಂಡು ನಿನ್ನ ಹತ್ತಿರ ಮಾತಾಡುವ ಚಾಳಿಯನ್ನು ಸ್ವಲ್ಪ ದಿನ ಬಿಟ್ಟು ನೋಡೋಣ ಅಂತ. ನಿನ್ನ ಸೊಂಟನೋವು ಹೇಗಿದೆ? ಅದು ಅಮ್ಮನನ್ನು ಎತ್ತಿ ಇಳಿಸಿ ಬಂದದ್ದು ಎಂದು ಈಗ ನನ್ನ ಸೊಂಟವೇ ನನಗೆ ತಿಳಿಸಿದೆ. ನಮ್ಮ ವಿನುತಾಳ ಕೆಮ್ಮು ಗುಬ್ಬಿಯ ಹವೆಗೆ ನಿಂತಿರಬೇಕು. ನಾಲ್ಕು ವರ್ಷದ ಮಗುವಿಗೆ ತಾತನ ಮನೆ ಎಂದರೆ ಕೆಮ್ಮುವುದಕ್ಕೂ ಪುರುಸೊತ್ತಿರುವುದಿಲ್ಲ. ಮಾವನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಪ್ಪಿದರೋ, ಪಂಚಾಂಗ ನೋಡದ ಕ್ರೈಸ್ತರಾಗಿದ್ದೂ ಇನ್ನೂ 'ಸಮಯ ಬರಲಿ' ಎನ್ನುತ್ತಿದ್ದಾರೋ?

ನೀನು ಹೋಗಿ ಐದು ವಾರ ಮೂರು ದಿನ. ನಾನು ಬರೆದ ಎರಡು ಕಾರ್ಡಿಗೂ ನೀನು ಉತ್ತರ ಕೊಡಲಿಲ್ಲ, ಕೊಡದಿದ್ದದ್ದೇ ಸರಿ. ಅಮ್ಮನಿಗೆ ಕಷ್ಟವಾಗುತ್ತಿದೆ, ಬೇಗ ಬಾ ಎಂದು ಎರಡರಲ್ಲೂ ಬರೆದಿದ್ದೆ. ನನಗೆ ಕಷ್ಟವಾಗುತ್ತಿದೆ ಎಂದು ಬರೆಯಲು ಕೈ ಬರಲಿಲ್ಲ.

ಈಗ ಬರೆಯುತ್ತೇನೆ. ಸೋತು ಸುಣ್ಣವಾಗಿದ್ದೇನೆ ಕಣೇ. ಬೆಳಿಗ್ಗೆ ಐದಕ್ಕೆ ಎದ್ದು ಬೀದಿ ನಲ್ಲಿಯಿಂದ ನಾಲ್ಕು ಕೊಡ ನೀರು, ಆಮೇಲೆ ಅಮ್ಮನ ಬೆಡ್‌ಪ್ಯಾನು, ಒದ್ದೆ ಬಟ್ಟೆ, ಮೈ ಒರೆಸುವುದು, ಬೆನ್ನಿಗೆ ಪೌಡರು, ಲಕ್ವ ಹೊಡೆದ ಬಲಗೈ ಬಲಗಾಲು ನೀವುವುದು, ಗಂಜಿ ಕುಡಿಸುವುದು. ಆರೂ ಇಪ್ಪತ್ತಕ್ಕೆ ಫ್ಯಾಕ್ಟರಿ ಬಸ್ಸು ಬಜಾರ್ ರಸ್ತೆಯ ತುದಿಯಲ್ಲಿ ಹಾರನ್ ಹೊಡೆಯುತ್ತದೆ. ಅಷ್ಟರಲ್ಲಿ ಸ್ಟವ್ವಿನ ಪಿನ್ನು ಮುರಿದಿರುತ್ತದೆ, ಇಲ್ಲವೇ ಹಾಲು ಉಕ್ಕಿರುತ್ತದೆ. ಕೃಷ್ಣರಾಜಪುರದ ತನಕ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತೇನೆ. ಲೇತ್ ಮುಂದೆ ಎಂಟು ಗಂಟೆ ನಿಲ್ಲುವುದು ನನಗೀಗ ವಿಶ್ರಾಂತಿ. ಈ ಸಲ ಆಗಸ್ಟ್ ಹದಿನೈದು ಭಾನುವಾರವೇ ಬಂದು ಇದ್ದ ಒಂದು ರಜೆಯೂ ಹೋಯಿತು. ಮೂರು ವರ್ಷ ನೀನು ಇದನ್ನೆಲ್ಲ ಮಾಡಿ, ನಾನು ಸಂಜೆ ಬಂದಾಗ ಕಾಫಿ ಕೊಡುತ್ತಿದ್ದೆ, ನಾನು ಅದು ತಣ್ಣಗಿದೆ ಎನ್ನುತ್ತಿದ್ದೆ.

ಹಗಲು ಹೊತ್ತು ಪಕ್ಕದ ಮನೆಯ ಬದ್ರುನ್ನೀಸಾ ಬಂದು ಅಮ್ಮನ ಹತ್ತಿರ ಕೂರುತ್ತಾರೆ. ಅವರು ತಸ್ಬೀಹ್ ಮಣಿ ಎಣಿಸುತ್ತಾರೆ, ಅಮ್ಮ ತೊದಲುವ ನಾಲಿಗೆಯಲ್ಲಿ ಹಾಡು ಹೇಳುತ್ತಾಳೆ, ಇಬ್ಬರಿಗೂ ಒಬ್ಬರದು ಇನ್ನೊಬ್ಬರಿಗೆ ಅಡ್ಡಿಯಿಲ್ಲ. ಮೊದಲ ವಾರ ಆಕೆ ನನ್ನನ್ನು ಏನೂ ಕೇಳಲಿಲ್ಲ. ಎರಡನೇ ವಾರ ಬಾಗಿಲಲ್ಲಿ ನಿಂತು, 'ಮನೆ ಮಾತು ಮನೇಲಿ ಇಡ್ಬೇಕು ಭಾಯ್. ಅಲ್ಲಾಗೆ ಕಿವಿ ಚೆನ್ನಾಗೇ ಕೇಳ್ಸತ್ತೆ, ಮೈಕ್ ಬೇಡ' ಎಂದು ಹೇಳಿ ಹೋದರು. ಆ ದಿನ ನನಗೆ ಸಿಟ್ಟು ಬಂತು. ನಮ್ಮ ಸಭೆಯ ವಿಷಯ ಇವರಿಗೇನು ಗೊತ್ತು ಎಂದುಕೊಂಡೆ. ನೋಡು, ಅಷ್ಟು ಹೊತ್ತಿಗೂ ನನಗೆ ಬುದ್ಧಿ ಬಂದಿರಲಿಲ್ಲ.

ಆ ಶುಕ್ರವಾರದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಮ್ಮೆ ನನ್ನ ಕೈಯಿಂದಲೇ ಬರೆಯಬೇಕು. ಅದಕ್ಕೆ ಎರಡು ದಿನ ಹಿಂದೆ, ಬುಧವಾರ ಸಂಜೆ, ಅಮ್ಮನ ಬೆನ್ನಿನ ಹುಣ್ಣು ತೊಳೆದು ಬಂದು ಅಡಿಗೆಮನೆಯ ಬಾಗಿಲಿಗೆ ಒರಗಿ ನೀನು ಹೇಳಿದೆ, 'ಕರ್ತ ಅಮ್ಮನ್ನ ಬೇಗ ಕರ್ಕೊಂಡ್ರೆ ಸಾಕು ಅನ್ಸತ್ತೆ ರೀ.' ಅಷ್ಟೇ. ಹೇಳಿ ಅಕ್ಕಿ ತೊಳೆಯಲು ಹೋದೆ. ನಾನು ಏನಾದರೂ ಅನ್ನಬಹುದಿತ್ತು, ಅಕ್ಕಿ ಪಾತ್ರೆ ಕೈಯಿಂದ ತೆಗೆದುಕೊಳ್ಳಬಹುದಿತ್ತು. ಶುಕ್ರವಾರದ ಮನೆಕೂಟ ಆ ವಾರ ನಮ್ಮಲ್ಲೇ ಇತ್ತು. ಪ್ರಾರ್ಥನಾ ವಿಷಯ ಹೇಳಿ ಎಂದಾಗ ನಾನು ಎದ್ದು ನಿಂತು, ನನ್ನ ಹೆಂಡತಿಯ ಹೃದಯ ಕಠಿಣವಾಗಿದೆ, ಹಾಸಿಗೆ ಹಿಡಿದ ಅತ್ತೆಯ ಸಾವನ್ನು ಬಯಸುತ್ತಿದ್ದಾಳೆ, ದಯಮಾಡಿ ಭಾರದಿಂದ ಪ್ರಾರ್ಥಿಸಿ ಎಂದೆ. ನೀನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹದಿನಾಲ್ಕು ಜನಕ್ಕೂ ಟೀ ಕೊಟ್ಟೆ, ನನಗೂ ಕೊಟ್ಟೆ, ಲೋಟ ತೊಳೆದು ಬೋರಲು ಹಾಕಿದೆ, ಬೆಳಿಗ್ಗೆ ಮಗುವನ್ನು ಕರೆದುಕೊಂಡು ಹೊರಟೆ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅದನ್ನೂ ಮುಂದಿನ ಶುಕ್ರವಾರ ಹೇಳಿಬಿಡುತ್ತಿದ್ದೆನೋ ಏನೋ.

ನಿಜ ಹೇಳುತ್ತೇನೆ. ಅಂದು ಎಲ್ಲರೂ ಕಣ್ಣು ಮುಚ್ಚಿ 'ಅಯ್ಯೋ ಕರ್ತನೇ' ಎಂದು ನಿಟ್ಟುಸಿರು ಬಿಟ್ಟಾಗ ನನಗೆ ಹಿತವಾಗಿತ್ತು. ಪಾಪ, ಸತ್ಯಮಿತ್ರ ಎಷ್ಟು ಸಹಿಸಿಕೊಂಡು ನಗುನಗುತ್ತಾ ಇದ್ದಾನೆ ಎಂದು ಅವರು ಅಂದುಕೊಳ್ಳಲಿ ಎಂದಿತ್ತು. ಭಾನುವಾರ ಹಾಡು ಎತ್ತಿಕೊಡುವವನು, ಎಲ್ಲರ ಕೈ ಕುಲುಕುವವನು ನಾನೇ ತಾನೆ. ಆ ನಗುವನ್ನು ಅಲ್ಲೇ ಪೂರ್ತಿ ಖರ್ಚು ಮಾಡಿ ಖಾಲಿ ಮುಖ ಹೊತ್ತು ಮನೆಗೆ ಬರುತ್ತಿದ್ದೆ. ಅದನ್ನೇ ವಿಶ್ವಾಸಿಯ ಸಂತೋಷ ಎಂದು ಭಾನುವಾರದ ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಿದ್ದೆ.

ಇನ್ನು ಅಮ್ಮನ ವಿಷಯ. ಮೊದಲ ಎರಡು ವಾರ ಹಾಸಿಗೆಯ ಬಟ್ಟೆ ಬದಲಿಸಲು ಅವಳನ್ನು ಪೂರ್ತಿ ಎತ್ತಿ ಕುರ್ಚಿಗೆ ಕೂರಿಸುತ್ತಿದ್ದೆ. ಎತ್ತುವ ಮುಂಚೆ ಪ್ರತಿಸಲವೂ ಕಣ್ಣು ಮುಚ್ಚಿ, ಸ್ವಾಮೀ ಬಲ ಕೊಡು ಎನ್ನುತ್ತಿದ್ದೆ. ಒಂದು ದಿನ ಇಬ್ಬರೂ ಬೀಳುವ ಹಾಗಾಯಿತು. ಆಗ ಅಮ್ಮ ಹೇಳಿದಳು, ನೀನು ಹಾಗೆ ಮಾಡುತ್ತಲೇ ಇರಲಿಲ್ಲವಂತೆ. ಅವಳನ್ನು ಮಗ್ಗುಲಿಗೆ ಹೊರಳಿಸಿ, ಹಳೆಯ ಬಟ್ಟೆಯನ್ನು ಬೆನ್ನಿನ ತನಕ ಸುತ್ತಿ, ಅದರ ಪಕ್ಕಕ್ಕೆ ಹೊಸದನ್ನು ಅರ್ಧ ಹಾಸಿ, ಆಮೇಲೆ ಈ ಕಡೆಗೆ ಹೊರಳಿಸಿ ಎಳೆದುಬಿಟ್ಟರೆ ಮುಗಿಯಿತಂತೆ. ಎತ್ತುವ ಕೆಲಸವೇ ಇಲ್ಲ. ಮೊದಲೇ ಯಾಕೆ ಹೇಳಲಿಲ್ಲಮ್ಮಾ ಎಂದರೆ, 'ನೀನು ಕೇಳ್ಲೇ ಇಲ್ವಲ್ಲೋ. ಪ್ರಾರ್ಥನೆ ಮಾಡ್ತಿದ್ದೆ' ಎಂದಳು. ಅರ್ಧ ಬಾಯಲ್ಲಿ ಎಷ್ಟು ಚೆನ್ನಾಗಿ ಹಂಗಿಸುತ್ತಾಳೆ ಎಂದು ನಿನಗೆ ಗೊತ್ತಿದೆ.

ಹೋದ ಬುಧವಾರ ಬೆಳಿಗ್ಗೆ ಮೂರನೇ ಸಲ ಬಟ್ಟೆ ಒದ್ದೆಯಾಯಿತು. ಒಣಗಿದ್ದು ಇನ್ನೊಂದಿರಲಿಲ್ಲ. ಬಸ್ಸು ಹಾರನ್ ಹೊಡೆಯುತ್ತಿತ್ತು. ಹಾಲು ಸೀದ ವಾಸನೆ ಬರುತ್ತಿತ್ತು. ನಾನು ಬಕೆಟ್ಟನ್ನು ನೆಲಕ್ಕೆ ಕುಕ್ಕಿ, 'ಸಾಕಾಯ್ತು ಸ್ವಾಮಿ, ಬೇಗ ಕರ್ಕೊಂಡ್ಬಿಡು ಇವಳನ್ನ' ಎಂದುಬಿಟ್ಟೆ. ಮನಸ್ಸಿನಲ್ಲಲ್ಲ, ಗಟ್ಟಿಯಾಗಿ. ಅಮ್ಮ ಎರಡು ಮಾರು ದೂರದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

ಬಸ್ಸು ಹೋಯಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ತಲೆ ಎತ್ತಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಆಗ ಮಂಚದ ಕಡೆಯಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಳು. ಎಡಗಡೆಯ ತುಟಿ ಮಾತ್ರ ಮೇಲೆ ಹೋಗುತ್ತದಲ್ಲ, ಹಾಗೆ. 'ನಿನಗೆ ಐದು ವಾರಕ್ಕೇ ಬಂತಲ್ಲೋ ಮಾತು. ಶೀಲಾಗೆ ವರ್ಷ ಹಿಡೀತು' ಎಂದಳು. ಆಮೇಲೆ ನಿಧಾನವಾಗಿ, ತಡೆದು ತಡೆದು ಎಲ್ಲ ಹೇಳಿದಳು. ನೀನು ಆ ಮಾತನ್ನು ನನಗೆ ಹೇಳುವುದಕ್ಕೆ ಎರಡು ವರ್ಷ ಮುಂಚೆಯೇ ಅವಳಿಗೆ ಮುಖಾಮುಖಿ ಹೇಳಿದ್ದೆಯಂತೆ, ಹೇಳಿ ಅವಳ ಕಾಲ ಹತ್ತಿರ ಕೂತು ಅತ್ತಿದ್ದೆಯಂತೆ. ಅವಳು ನಿನ್ನ ತಲೆ ಸವರಿ, 'ನಾನೂ ದಿನಾ ಅದನ್ನೇ ಕೇಳ್ಕೋತಾ ಇದೀನಿ ಕಣೇ, ಇಬ್ರೂ ಸೇರಿ ಕೇಳೋಣ' ಎಂದಳಂತೆ. ಅಂದಿನಿಂದ ನಾನು ಬಸ್ಸಿಗೆ ಹೋದ ಮೇಲೆ ದಿನಾ ನೀವಿಬ್ಬರೂ ಕೈ ಹಿಡಿದುಕೊಂಡು, ನಮ್ಮಿಬ್ಬರಿಗೂ ಬೇಗ ಬಿಡುಗಡೆ ಕೊಡು, ಕೊಡುವ ತನಕ ಒಬ್ಬರ ಮೇಲೊಬ್ಬರಿಗೆ ಬೇಸರ ಬಾರದ ಹಾಗೆ ನೋಡಿಕೋ ಎಂದು ಪ್ರಾರ್ಥನೆ ಮಾಡಿ, ಆಮೇಲೆ ಕಾಫಿ ಕುಡಿಯುತ್ತಿದ್ದಿರಂತೆ. ಈ ಮನೆಯಲ್ಲಿ ಎರಡು ವರ್ಷದಿಂದ ದಿನಾ ಒಂದು ಪ್ರಾರ್ಥನಾ ಕೂಟ ನಡೆಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಹಾಗಾದರೆ ನಾನು ಕೂಟದಲ್ಲಿ ಹೇಳಿದ್ದನ್ನು ಒಳಗಿನಿಂದ ಕೇಳಿಸಿಕೊಂಡೂ ಯಾಕೆ ಸುಮ್ಮನಿದ್ದೆ ಎಂದು ಅಮ್ಮನನ್ನು ಕೇಳಿದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನನ್ನ ಅಷ್ಟು ಜನದ ಮುಂದೆ ಅನ್ನೋಕ್ ಆಗತ್ತಾ? ನಾನೂ ನಿನ್ನ ಹಾಗೇ ಮಾಡಿದ್ರೆ ಹೇಗೆ' ಎಂದಳು. ಶೀಲಾ, ನನಗೆ ಅಳು ಬಂತು. ಅಪ್ಪ ಹೋದಾಗಲೂ, ಕರ್ತನ ಚಿತ್ತ ಎಂದು ಎಲ್ಲರಿಗೂ ಸಮಾಧಾನ ಹೇಳಿ ಹಾಡು ಎತ್ತಿಕೊಟ್ಟವನು ನಾನು. ಹೋದ ಬುಧವಾರ ಮಂಚದ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅಮ್ಮ ಸಾಕು ಏಳು ಎನ್ನಲಿಲ್ಲ, ಅಳುವಷ್ಟು ಅಳಲಿ ಎಂದು ಬಿಟ್ಟಳು. ಆಮೇಲೆ, ಬಸ್ಸು ಹೋಯಿತಲ್ಲ, ಕಾಫಿನಾದರೂ ಮಾಡು ಎಂದಳು. ಸೀದ ಹಾಲಿನಲ್ಲೇ ಮಾಡಿದೆ. ಅವಳಿಗೆ ಚಮಚದಲ್ಲಿ ಕುಡಿಸಿ, ನಾನೂ ಕುಡಿದು, ಒದ್ದೆ ಬಟ್ಟೆಯ ಬದಲಿಗೆ ನನ್ನ ಪಂಚೆಯನ್ನೇ ಹಾಸಿ, ಬಿಸಿನೀರಿನಲ್ಲಿ ತಲೆ ತೊಳೆದು ಬಾಚಿದೆ. ಬೈತಲೆ ಸೊಟ್ಟಗಾಯಿತು. ಕನ್ನಡಿ ಹಿಡಿದರೆ, ಇದು ಹಲಸೂರು ಕೆರೆ ಏರಿ ಇದ್ದ ಹಾಗಿದೆ ಎಂದು ಇನ್ನೊಮ್ಮೆ ನಕ್ಕಳು. ಆ ಒಂದು ಗಂಟೆ ನಾನು ಸಂತೋಷವಾಗಿದ್ದೆ. ಯಾರೂ ನೋಡುತ್ತಿರಲಿಲ್ಲ, ಮೈಯೆಲ್ಲಾ ನೋಯುತ್ತಿತ್ತು, ಅರ್ಧ ದಿನದ ರಜೆ ಹೋಗಿತ್ತು, ಆದರೂ.

ಶುಕ್ರವಾರ ಕೂಟ ಸಲೋಮಿಯಮ್ಮನವರ ಮನೆಯಲ್ಲಿತ್ತು. ಪ್ರಾರ್ಥನಾ ವಿಷಯಗಳ ಪುಸ್ತಕ ಬರೆದಿಡುವವರು ಅವರೇ ತಾನೆ. ಎಂದಿನಂತೆ ಕನ್ನಡಕ ಹಾಕಿಕೊಂಡು ಓದಿದರು. ಇಂಥವರ ಮಗನ ಕೆಲಸ, ಇಂಥವರ ಕಾಲುನೋವು, ಸಹೋದರಿ ಜಯಶೀಲಾಳ ಕಠಿಣ ಹೃದಯ. ಐದು ವಾರದಿಂದ ಅದನ್ನು ಓದುತ್ತಿದ್ದರು, ನಾನು ಆಮೆನ್ ಎನ್ನುತ್ತಿದ್ದೆ. ಈ ಸಲ ಎದ್ದು ನಿಂತು, ಆ ಸಾಲು ಹೊಡೆದುಹಾಕಿ ಎಂದೆ. ಕರ್ತನು ಉತ್ತರ ಕೊಟ್ಟನಾ ಎಂದು ಕೇಳಿದರು. ಇಲ್ಲ, ಅದು ನಾನು ಹೇಳಬಾರದಿದ್ದ ಮಾತು, ಅವಳ ಹೃದಯ ಕಠಿಣವಾಗಿರಲಿಲ್ಲ, ದಣಿದಿತ್ತು, ಮೊನ್ನೆ ಬುಧವಾರ ನಾನೂ ಅದೇ ಮಾತನ್ನು ಬಾಯಿಬಿಟ್ಟು ಹೇಳಿದೆ ಎಂದೆ. ಯಾರೂ ನಿಟ್ಟುಸಿರು ಬಿಡಲಿಲ್ಲ. ಒಬ್ಬರು ಕೆಮ್ಮಿದರು, ಇಬ್ಬರು ಚಾಪೆ ನೋಡುತ್ತಾ ಕೂತರು. ಒಬ್ಬ ಹಿರಿಯರು, ವಿಶ್ವಾಸಿಗಳು ಹಾಗೆಲ್ಲ ಅನ್ನಬಾರದು ಬ್ರದರ್ ಎಂದರು. ಸಲೋಮಿಯಮ್ಮನವರು ಮಾತ್ರ ಪೆನ್ಸಿಲ್ ತೆಗೆದು ನಿನ್ನ ಹೆಸರಿನ ಮೇಲೆ ಎರಡು ಸಲ ಗೆರೆ ಎಳೆದು, 'ನಿಮ್ಮ ಹೆಸರು ಬರೀಲಾ?' ಎಂದು ಮೆಲ್ಲಗೆ ಕೇಳಿದರು. ಬರೀರಿ ಎಂದೆ. ಹೊರಡುವಾಗ ಗೇಟಿನ ತನಕ ಬಂದು, ಅವರ ಯಜಮಾನರು ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದದ್ದನ್ನು ನೆನಪಿಸಿ, ನನ್ನ ಕೈ ಅದುಮಿ ಒಳಗೆ ಹೋದರು. ಅಷ್ಟು ವರ್ಷ ಅವರೂ ಕೂಟದಲ್ಲಿ ನಗುತ್ತಲೇ ಕೂತಿದ್ದರು.

ಅವರು ಗೇಟಿನಲ್ಲಿ ಹೇಳಿದ ಇನ್ನೊಂದು ಮಾತಿದೆ. ಅದನ್ನು ಬರೆಯುವುದಿಲ್ಲ. ಅದು ಅವರದು.

ಅಮ್ಮನಿಗಾಗಿ ಬಾ ಎಂದು ಈ ಸಲ ಬರೆಯುತ್ತಿಲ್ಲ. ಅಮ್ಮನ ಹುಣ್ಣು ಮಾಯುತ್ತಿದೆ, ಬದ್ರುನ್ನೀಸಾ ಇದ್ದಾರೆ, ನಾನು ಕಲಿತಿದ್ದೇನೆ. ನೀನು ಬಂದರೂ ಬೆಳಗಿನ ಕೆಲಸ ನನ್ನದೇ, ಬೆಡ್‌ಪ್ಯಾನೂ ನನ್ನದೇ. ಬಂದು ನೋಡಿ ನಗಬೇಡ, ಮಂಚದ ಮೇಲಿನ ಬಟ್ಟೆಯ ಮೂಲೆಗಳು ಇನ್ನೂ ನೀನು ಮಡಿಚಿದ ಹಾಗೆ ಬರುವುದಿಲ್ಲ. ಇವತ್ತು ಬಹಳ ಆಯಾಸವಾಗಿದೆ, ಅಕ್ಷರಗಳು ಸೊಟ್ಟಗಾಗುತ್ತಿವೆ, ಆರು ಹಾಳೆ ಆಯಿತು. ನಿಲ್ಲಿಸುತ್ತೇನೆ.

ಮಾವನವರಿಗೂ ಅತ್ತೆಯವರಿಗೂ ನನ್ನ ವಂದನೆ ಹೇಳು, ಅವರು ಸ್ವೀಕರಿಸುವಷ್ಟು. ವಿನುತಾಳಿಗೆ ಮುತ್ತು. ಅಮ್ಮ ಎಡಗೈ ಎತ್ತಿ ನಿನಗೂ ಮಗುವಿಗೂ ಆಶೀರ್ವಾದ ಹೇಳಿದ್ದಾಳೆ. ಬಲಗೈ ಏಳುವುದಿಲ್ಲವೆಂದು ದೇವರೇನೂ ವಾಪಸು ಕಳಿಸುವುದಿಲ್ಲವಂತೆ.

ನಿನ್ನ,
ಸತ್ಯಮಿತ್ರ

ವಿ. ಸೂ.: ಲಕೋಟೆಗೆ ಅಂಟು ಹಚ್ಚುವಾಗ ಅಮ್ಮ ಮಂಚದಿಂದ, 'ತಪ್ಪಾಯ್ತು ಅಂತ ಬರೆದ್ಯಾ?' ಎಂದು ಕೇಳಿದಳು. ಬರೆದಿರುತ್ತೇನೆ ಎಂದು ತೆಗೆದು ಆರೂ ಹಾಳೆ ಓದಿದೆ. ಎಲ್ಲೂ ಇಲ್ಲ. ತಪ್ಪಾಯಿತು ಶೀಲಾ. ಶನಿವಾರ ಬೆಳಗಿನ ಪ್ಯಾಸೆಂಜರಿಗೆ ಗುಬ್ಬಿಗೆ ಬರುತ್ತೇನೆ, ಸಂಜೆ ಗಾಡಿಗೆ ಹಿಂದಿರುಗಬೇಕು. ನೀನು ಜೊತೆಗೆ ಹೊರಟರೂ ಸರಿ, ಬರುವುದಿಲ್ಲ ಎಂದರೂ ಸರಿ, ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ. ನೀನು ಏನು ಹೇಳಿದರೂ ಶುಕ್ರವಾರ ನಾನದನ್ನು ಯಾರಿಗೂ ಹೇಳುವುದಿಲ್ಲ.