ಗಂಟೆ ತೂಗಿಸಿದ ದೊರೆ

ಬ್ಲ್ಯಾಕ್‌ಹೋಪ್, ಡರ್ಹ್ಯಾಮ್
೧೦ ಮಾರ್ಚ್ ೨೦೦೩, ಸೋಮವಾರ

ಪ್ರೀತಿಯ ಅಪ್ಪಾ,

ಎದೆಯ ಕೆಮ್ಮು ಹೇಗಿದೆ? ಅಣ್ಣನ ಮನೆ ಬೆಚ್ಚಗಿದೆ ತಾನೇ? ನಾಟಿಂಗ್‌ಹ್ಯಾಮ್‌ನವರು ಎಂಬತ್ನಾಲ್ಕರ ಗಣಿ ಮುಷ್ಕರದಲ್ಲಿ ನಮ್ಮ ಕೈಬಿಟ್ಟು ಗಣಿಗೆ ಇಳಿದರೆಂದು ಆ ಊರಿನ ಚಹಾ ಕೂಡ ಮುಟ್ಟುವುದಿಲ್ಲ ಎಂದಿದ್ದೆ ನೀನು. ಈಗ ಅಲ್ಲೇ ಕೂತು ಕೆಟಲ್ ಆರಲು ಬಿಡುವುದಿಲ್ಲವಂತೆ, ನೆವಿಲಣ್ಣ ಹೇಳಿದ. ಕುಡಿ, ಪರವಾಗಿಲ್ಲ.

ನಾನು ಸಂಜೆ ಶಾಲೆಗೆ ಸೇರಿದ ಸುದ್ದಿ ಕೇಳಿದಾಗಿನಿಂದ ನೀನು ಫೋನಿನಲ್ಲಿ "ಹೂಂ" ಎಂದು ಅಣ್ಣನ ಕೈಗೆ ಕೊಟ್ಟುಬಿಡುತ್ತೀಯ. ಏಕೆಂದು ಗೊತ್ತು. ಮುಷ್ಕರದ ವರ್ಷ ನಾನು ಓದು ಬಿಟ್ಟು ಬಿಸ್ಕತ್ ಕಾರ್ಖಾನೆಗೆ ಹೋದದ್ದು ನಿನ್ನಿಂದ ಎಂದು ನಿನ್ನ ಕೊರಗು. ಹೌದು, ಬಿಟ್ಟೆ. ಈಗ ಮತ್ತೆ ಹಿಡಿದಿದ್ದೇನೆ. ಇಂಗ್ಲಿಷಿನಲ್ಲಿ ಪಾಸಾಗದೆ ನರ್ಸಿಂಗಿಗೆ ಸೇರಿಸಿಕೊಳ್ಳುವುದಿಲ್ಲ, ಅಷ್ಟೇ.

ಕಳೆದ ತಿಂಗಳು ಮಿಸ್ ಪ್ಯಾಟಿನ್ಸನ್ ಇನ್ನೂರು ವರ್ಷದ ಹಿಂದಿನ ಕವಿತೆಯೊಂದನ್ನು ಕೊಟ್ಟು ವಿಶ್ಲೇಷಿಸಿ ಎಂದರು. ಕಡಲನ್ನೇ ಹಿಮ್ಮೆಟ್ಟಿಸುತ್ತೇನೆಂದು ಬಂಡೆಯ ಮೇಲೆ ಗೋಪುರ ಕಟ್ಟಿ ಗಂಟೆ ತೂಗಿಸಿದ ದೊರೆಯ ಕಥೆ. ಈಗ ಅರ್ಧ ಗೋಪುರ ನೀರುಪಾಲು, ದೊರೆಯ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಬರೆದದ್ದೇನು? ದೊರೆಗಳೆಲ್ಲ ಹೀಗೇ ಮಣ್ಣುಮುಕ್ಕಲಿ, ಕಲ್ಲು ಹೊತ್ತವರು ಒಂದಾಗಲಿ ಎಂದು ಎರಡು ಪುಟ! "ಇದೇನಮ್ಮಾ ಲೊರೇನ್, ಕವಿತೆ ಬಿಡಿಸು ಅಂದ್ರೆ ಮುಷ್ಕರಕ್ಕೆ ಕರೀತಿದ್ದೀಯ? ಕವಿ ಹಾಗಂದಿರೋ ಸಾಲು ಎಲ್ಲಿದೆ, ತೋರ್ಸು" ಎಂದರು ಮೇಡಂ. ಹಿಂದಿನ ಬೆಂಚಿನ ಡೆನಿಸ್, "ಗಣಿ ಲೀಡರ್ ಮಗಳಲ್ವಾ, ಇನ್ನೇನು ಬರೀತಾಳೆ ಬಿಡಿ" ಎಂದ. ಊಟದ ಮೇಜಿನಲ್ಲಿ ಉಪ್ಪಿಗಿಂತ ಹೆಚ್ಚಾಗಿ ನಿನ್ನ ಭಾಷಣ ತಿಂದು ಬೆಳೆದವಳು ನಾನು. ಆ ಉತ್ತರ ಫೇಲಾಯಿತು.

ಹಟ ಬಂತು. ಮನೆಗೆ ತಂದು ಒಂದೊಂದೇ ಸಾಲು ಕೆದಕಿದೆ. ಕವಿ ದೊರೆಯನ್ನು ಹಂಗಿಸುತ್ತಿದ್ದಾನೆ ಎಂದುಕೊಂಡಿದ್ದೆ, ಅದು ತಪ್ಪು. ಮೊದಲಲ್ಲಿ ಆ ಗಂಟೆ ಅಲೆಗಳಿಗೆ ಅಪ್ಪಣೆ ಕೊಡುತ್ತದೆ. ಕೊನೆಯಲ್ಲಿ ಗಾಳಿ ಬಂದಾಗಲೆಲ್ಲ ದಾರಿ ತಪ್ಪಿದ ದೋಣಿಗಳನ್ನು ಕರೆಯುತ್ತದೆ. ದೊರೆತನ ಹೋಯಿತು, ಗಂಟೆಗೆ ಕೆಲಸ ಉಳಿಯಿತು. ಅಲ್ಲಿ ನೀನು ನೆನಪಾದೆ ಅಪ್ಪಾ. ನೀನು ಕೈಯೆತ್ತಿದರೆ ಇಡೀ ಊರು ಎದ್ದು ನಿಲ್ಲುತ್ತಿತ್ತು. ಗಣಿ ಮುಚ್ಚಿತು, ಸಂಘ ಹೋಯಿತು, ಈಗ ಅಣ್ಣನ ನಾಯಿಯೂ ನಿನ್ನ ಮಾತು ಕೇಳುವುದಿಲ್ಲವಂತೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. ಅಧಿಕಾರ ಹೋಯಿತು, ಕೊರಗು ಉಳಿಯಿತು ಎಂದು ಮಗಳ ಹತ್ತಿರವೂ ಮಾತು ಬಿಡಬೇಕೇ? ಸಿಟ್ಟಿನಲ್ಲೇ ಇನ್ನೊಮ್ಮೆ ಬರೆದೆ, ಪ್ರತಿ ಮಾತಿಗೂ ಸಾಲು ತೋರಿಸಿ. "ಈಗ ಓದಿದ್ದೀಯ ನೋಡು" ಎಂದರು ಮೇಡಂ. ಆದರೆ ಅದು ತರಗತಿಯ ಲೆಕ್ಕ. ನಿಜವಾದ ಪರೀಕ್ಷೆ ಮುಂದಿದೆ.

ಔಷಧಿ ತಪ್ಪಿಸಬೇಡ. ಅತ್ತಿಗೆಗೆ ನನ್ನ ನೆನಪು ತಿಳಿಸು.

ನಿನ್ನಷ್ಟೇ ಹಟಮಾರಿ ಮಗಳು,
ಲೊರೇನ್

ತಾ.ಕ.: ಅಂಚೆಯ ವ್ಯಾನ್ ಬರುವ ಹೊತ್ತಾಯಿತು, ಚುಟುಕಾಗಿ ಹೇಳುತ್ತೇನೆ. ಪರೀಕ್ಷೆ ಜೂನ್ ಮೂರಕ್ಕೆ. ಒಬ್ಬಳೇ ಹೋಗಲು ಭಯವಾಗುತ್ತಿದೆ, ನೀನು ಬರಬೇಕು. ಅಣ್ಣ ಕಾರಿನಲ್ಲಿ ಕರೆತರುತ್ತಾನೆ, ಮಾತಾಡಿಯಾಗಿದೆ. ಮುಷ್ಕರದ ವರ್ಷವಿಡೀ ಗಣಿಯ ಗೇಟಿನಲ್ಲಿ ನಿಂತು ಒಳಗೆ ಹೋಗುವವರನ್ನು ತಡೆದವನು ನೀನು. ಅವತ್ತು ಶಾಲೆಯ ಗೇಟಿನಲ್ಲಿ ನಿಂತು ನನ್ನನ್ನು ಒಳಗೆ ಕಳಿಸು.